ಎಪ್ಪತ್ತೆಂಟರ ಸುತ್ತು

ತಾಪಕೀರ್ ಗಲ್ಲಿಯ ಅಂಗಡಿಯವನು ಮುಚ್ಚಳ ಎತ್ತಿ, ಪ್ಲೇಟು ಕೂರುವ ತಟ್ಟೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಕಿವಿ ಹತ್ತಿರ ತಂದು ಕೇಳಿ, ಮುಚ್ಚಳ ಮುಚ್ಚಿಬಿಟ್ಟ. "ಕಾಕಾ, ಸೋಡಾ ಆತಾ. ನವೀನ್ ಘ್ಯಾ" ಅಂದ. ಇನ್ನು ಬಿಟ್ಟುಬಿಡಿ ಕಾಕಾ, ಹೊಸದು ತಗೊಳ್ಳಿ ಅಂತ ಅರ್ಥ. ಪುಣೆಯ ಬುಧವಾರ ಪೇಟೆಯ ಈ ಗಲ್ಲಿಯೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದ ಹಾಗೆ. ವೈರು, ಬಲ್ಬು, ಸ್ಪೀಕರು, ಏನು ಬೇಕಾದರೂ ಸಿಗುತ್ತದೆ. ಅಲ್ಲಿ ಆಗದ ರಿಪೇರಿ ಇನ್ನೆಲ್ಲಿ ಆದೀತು ಎಂದುಕೊಂಡು, ಅಪ್ಪನ ರೆಕಾರ್ಡ್ ಪ್ಲೇಯರನ್ನು ಹಳೇ ಚಾದರದಲ್ಲಿ ಸುತ್ತಿ, ಪಿಂಪ್ರಿಯಿಂದ ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಹಾಗೇ ವಾಪಸು ತಂದೆ.

ಕಾಯಿಲೆ ಏನೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದವನು ನಾನು. ತಿರುಗುವ ವಸ್ತು ಕಂಡರೆ ಅದರ ಸುತ್ತು ಎಣಿಸುವುದು ಚಟ. ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಎದುರಿಗಿಟ್ಟುಕೊಂಡು ಎಣಿಸಿದ್ದೆ. ನಿಮಿಷಕ್ಕೆ 78 ಸುತ್ತು ಹಾಕಬೇಕಾದ್ದು 73ಕ್ಕೆ ಸುಸ್ತಾಗುತ್ತಿತ್ತು. ಜೊತೆಗೆ ನಡುನಡುವೆ ಕುಂಟುತ್ತಿತ್ತು. ಗುಂಯ್ ಎನ್ನುವ ಸದ್ದು ಬೇರೆ.

ಮನೆಯಲ್ಲಿ ಮೂರು ಅಭಿಪ್ರಾಯ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು, "ಅಪ್ಪಾ, ನಾನು ಹೊಸದು ಕೊಡಿಸ್ತೀನಿ, ಈಗ ಮತ್ತೆ ಎಲ್‌ಪಿ ಫ್ಯಾಶನ್ ಬಂದಿದೆ" ಅಂದಳು. ಎಂಬತ್ತೈದರ ಅವ್ವ, "ಹಳೇದು ಛಂದ ಅದ, ಅದನ್ನ ರಿಪೇರಿ ಮಾಡಸು" ಅಂದಳು. ನನ್ನದು ಎರಡೂ ಅಲ್ಲದ ಮೂರನೆಯ ಅಭಿಪ್ರಾಯ, ಅಂದರೆ ಏನೂ ತೋಚುತ್ತಿರಲಿಲ್ಲ. ಮಗಳು ಫೋನಿನಲ್ಲಿ ತೋರಿಸಿದ ಹೊಸ ಯಂತ್ರಗಳನ್ನೆಲ್ಲ ನೋಡಿದೆ. ನೋಡಲು ಬಲು ಚೆಂದ. ಆದರೆ ಹೆಚ್ಚಿನವಕ್ಕೆ ಎರಡೇ ವೇಗ, 33 ಮತ್ತು 45. ನಮ್ಮ ಕಪಾಟಿನಲ್ಲಿರುವ ಪ್ಲೇಟುಗಳಲ್ಲಿ ಅರ್ಧಕ್ಕರ್ಧ 78ರವು. ಅವನ್ನು 33ರಲ್ಲಿ ಹಾಕಿದರೆ ಹಾಡುವವರು ನಿದ್ದೆಯಲ್ಲಿ ಆಕಳಿಸಿದ ಹಾಗೆ ಕೇಳುತ್ತದೆ.

ಈ 78 ಎಲ್ಲಿಂದ ಬಂತು ಎನ್ನುವುದೇ ಒಂದು ಕಥೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕು ಇಲ್ಲ, ಕರೆಂಟು ಇಲ್ಲ. ದೊಡ್ಡ ಕಹಳೆಯೊಳಗೆ ಮುಖವಿಟ್ಟು ಹಾಡಬೇಕು. ಅದರ ಕಂಪನಕ್ಕೆ ಸೂಜಿ ಮೇಣದ ಮೇಲೆ ಗೀರು ಎಳೆಯಬೇಕು. ಆ ಮೇಣವನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ ಪ್ಲೇಟು ಮಾಡಿ ತರಿಸುತ್ತಿದ್ದರು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಎಂದು ಗೊತ್ತಾಗಲಿ ಅಂತ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ದೇಶದ ತುಂಬ ಹೆಸರು ಮಾಡಿದ ಅವರನ್ನು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗ್ರಾಮಫೋನಿನ ಮೊದಲ ದೊಡ್ಡ ಧ್ವನಿ ಹೀಗೆ ನಮ್ಮ ಮಣ್ಣಿನಲ್ಲಿ, ತನ್ನ ಊರಿನಿಂದ ದೂರದಲ್ಲಿ, ನಿಂತುಹೋಯಿತು.

ಮೊದಮೊದಲ ಪ್ಲೇಟುಗಳಿಗೆ ಇಂಥದೇ ವೇಗ ಅಂತ ಇರಲಿಲ್ಲ. ಎಪ್ಪತ್ತರಿಂದ ಎಂಬತ್ತರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಆಚೀಚೆ, ಆ ದಿನ ಯಂತ್ರ ಹೇಗೆ ತಿರುಗಿತೋ ಹಾಗೆ. 1925ರ ನಂತರ ಮೈಕು, ಕರೆಂಟು ಬಂದು ಮುದ್ರಣದ ಪದ್ಧತಿ ಬದಲಾದ ಮೇಲೆ 78 ಗಟ್ಟಿಯಾಗಿ ನಿಂತಿತು. ಇನ್ನೂ ನಿಖರವಾಗಿ ಹೇಳಬೇಕೆಂದರೆ, ನಮ್ಮ ಹಾಗೆ ಸೆಕೆಂಡಿಗೆ 50 ಆವರ್ತನೆಯ ಕರೆಂಟು ಇರುವ ದೇಶಗಳಲ್ಲಿ 77.92. ಈ ವಿಚಿತ್ರ ಸಂಖ್ಯೆ ಮುಂದೆ ನನ್ನ ಮಾನ ಉಳಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಪ್ಲೇಟನ್ನು ಮಾಡುತ್ತಿದ್ದುದು ಅರಗಿನಿಂದ, ಅಂದರೆ ನಮ್ಮ ದೇಶದ ಕಾಡಿನ ಮರಗಳ ಮೇಲೆ ಹುಳು ಕಟ್ಟುವ ಅರಗು. ಅದಕ್ಕೆ ಕಲ್ಲಿನ ಪುಡಿ ಸೇರಿಸಿ ಒತ್ತುತ್ತಿದ್ದರು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು. ಇಡೀ ರಾತ್ರಿ ಒಂದು ರಾಗ ಹಿಡಿದು ಕೂರುತ್ತಿದ್ದವರು ಈ ಮೂರು ನಿಮಿಷದೊಳಗೆ ಆಲಾಪ, ಬಂದಿಶ್, ತಾನು ಎಲ್ಲ ತುಂಬಿಸಬೇಕು. ಕಲ್ಕತ್ತೆಯಲ್ಲೇ ಪ್ಲೇಟು ಒತ್ತುವುದು ಶುರುವಾಯಿತು. 1928ರ ಹೊತ್ತಿಗೆ ಡಮ್‌ಡಮ್‌ನಲ್ಲಿ ದೊಡ್ಡ ಕಾರ್ಖಾನೆ ಬಂತು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಹುಟ್ಟಿ, ಬೇರೆ ಕಡೆ 78 ಸತ್ತುಹೋದ ಮೇಲೂ ನಮ್ಮಲ್ಲಿ ಅದು ಬದುಕಿತ್ತು. ಹಳ್ಳಿಗಳಲ್ಲಿ ಕರೆಂಟಿಲ್ಲದ, ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಇನ್ನೂ ಇದ್ದವಲ್ಲ, ಅದಕ್ಕೇ. 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳನ್ನೂ ಡಮ್‌ಡಮ್‌ನಲ್ಲಿ 78ರ ಪ್ಲೇಟಿನ ಮೇಲೆ ಒತ್ತಿದ್ದಾರೆ. ಜಗತ್ತಿನ ಸಂಗ್ರಹಕಾರರು ಇವತ್ತಿಗೂ ಅವನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ.

ಈ ಮೂರು ನಿಮಿಷದ ಪ್ಲೇಟು ನಮ್ಮ ಉತ್ತರ ಕರ್ನಾಟಕಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಗ್ರಾಮಫೋನು ಎಲ್ಲರ ಮನೆಯಲ್ಲಿ ಇರಲಿಲ್ಲ. ಅಂಗಡಿಯಲ್ಲಿರುತ್ತಿತ್ತು, ಸಾಹುಕಾರರ ಮನೆಯಲ್ಲಿರುತ್ತಿತ್ತು. ಉಳಿದವರು ಬೀದಿಯಲ್ಲಿ ನಿಂತು ಕೇಳುತ್ತಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಚಿಕ್ಕವರಿದ್ದಾಗ ಗ್ರಾಮಫೋನಿನ ಸದ್ದು ಕೇಳಿದರೆ ಸಾಕು, ಬೀದಿಗೆ ಓಡಿಹೋಗಿ ಕೇಳಿ, ಬಂದು ಹಾಗೆಯೇ ಹಾಡಲು ನೋಡುತ್ತಿದ್ದರಂತೆ. ಗದಗಿನ ಹುಡುಗ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಜೋಟಿ ಠುಮರಿಯನ್ನು ಪ್ಲೇಟಿನ ಮೇಲೆ ಕೇಳಿದ. ಹಾಗೆ ಹಾಡಬೇಕು ಎನ್ನುವ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಪರಊರಿಗೆ ಹೋದವರ ಕಥೆಗಳಲ್ಲಿ ಹೊಟ್ಟೆಪಾಡಿಗೆ ಹೋದವರೇ ಹೆಚ್ಚು. ಒಂದು ಪ್ಲೇಟಿನ ದೆಸೆಯಿಂದ ಊರು ಬಿಟ್ಟವರು ಎಷ್ಟು ಮಂದಿ ಸಿಕ್ಕಾರು?

ಖಾನ್ ಸಾಹೇಬರು ಉತ್ತರದ ಕಿರಾನಾದವರು, ಬಂದು ನೆಲೆಸಿದ್ದು ಮೀರಜಿನಲ್ಲಿ. ತಂಬೂರಿ, ಸಿತಾರು ಮಾಡುವ ಕುಶಲಿಗಳ ಊರು ಅದು. 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಖಾನ್ ಸಾಹೇಬರ ಶಿಷ್ಯರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಊರೂರು ಅಲೆದ ಭೀಮಸೇನ ಕೊನೆಗೆ 1936ರಲ್ಲಿ ಅವರ ಕಾಲಿಗೆ ಬಿದ್ದದ್ದು ಕುಂದಗೋಳದಲ್ಲಿ. ಗಂಗೂಬಾಯಿಯವರೂ ಅವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಪಾಠ ಮುಗಿಸಿ ಸ್ಟೇಷನ್ನಿಗೆ ಹೊರಟ ಅಕ್ಕನ ಜೊತೆ ಹುಡುಗ ಭೀಮಸೇನ ದಾರಿಯುದ್ದಕ್ಕೂ ಆವತ್ತಿನ ಪಾಠ ಹೇಳಿಸಿಕೊಳ್ಳುತ್ತ ನಡೆಯುತ್ತಿದ್ದ ಕಥೆಯನ್ನು ನಮ್ಮ ಕಡೆ ಎಲ್ಲರೂ ಬಲ್ಲರು.

ಕುಂದಗೋಳ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮೀರಜ್, ಪುಣೆ. ಸಂಗೀತ ಓಡಾಡಿದ ಈ ರೈಲುದಾರಿಯಲ್ಲೇ ನಮ್ಮಪ್ಪನೂ 1958ರಲ್ಲಿ ಪಿಂಪ್ರಿಗೆ ಬಂದ. ಹುಬ್ಬಳ್ಳಿಯಿಂದ ಮೀಟರ್‌ಗೇಜ್ ಗಾಡಿ. ಕೈಯಲ್ಲಿ ಒಂದು ಹಾಸಿಗೆ ಸುರುಳಿ, ಒಂದು ಟ್ರಂಕು. ಟ್ರಂಕಿನಲ್ಲಿ ಅಂಗಿ ಧೋತರಗಳ ನಡುವೆ ನಮ್ಮಜ್ಜ ಕೊಂಡಿದ್ದ ಪ್ಲೇಟುಗಳು. ಅರಗಿನ ಪ್ಲೇಟು ಗಾಜಿನ ಹಾಗೆ, ಬಿದ್ದರೆ ಮುಗಿಯಿತು. ದಾರಿಯಲ್ಲಿ ಎರಡು ಒಡೆದವಂತೆ. ಒಡೆದದ್ದು ಯಾವುವು ಎಂದು ಅಪ್ಪ ಕೊನೆಯತನಕ ಹೇಳಿಕೊಂಡು ಮರುಗುತ್ತಿದ್ದ. ಉಳಿದದ್ದು ಯಾವುವು ಎಂದು ಹೇಳಿದ್ದು ಕಡಿಮೆ.

ಈಗಿನ ಪಿಂಪ್ರಿ-ಚಿಂಚವಾಡ ನೋಡಿದವರಿಗೆ ಅಂದಿನದನ್ನು ಊಹಿಸುವುದು ಕಷ್ಟ. ಪವನಾ ನದಿಯ ದಂಡೆಯ ಹಳ್ಳಿಗಳು. ಚಿಂಚವಾಡದಲ್ಲಿ ಮೋರಯಾ ಗೋಸಾವಿಯವರ ಸಮಾಧಿ, ಅವರ ಮನೆತನವೂ ಬೀದರ ಕಡೆಯಿಂದ ಬಂದದ್ದು ಎಂದು ಐತಿಹ್ಯ. ಪಿಂಪ್ರಿಯಲ್ಲಿ ದೇಶ ಇಬ್ಭಾಗವಾದಾಗ ಸಿಂಧದಿಂದ ಬಂದ ನಿರಾಶ್ರಿತರ ಕ್ಯಾಂಪು. ಮುಂಬಯಿಗೆ ಹೋಗುವ ರಸ್ತೆ, ಪಕ್ಕದಲ್ಲಿ ರೈಲು. ಅಲ್ಲಿಗೆ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಬಂತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಕಟ್ಟಿದ, ನಮ್ಮ ಸರಕಾರದ ಮೊದಲ ಔಷಧ ಕಾರ್ಖಾನೆ. ಮರುವರ್ಷದಿಂದ ಅಲ್ಲಿ ಪೆನಿಸಿಲಿನ್ ತಯಾರಾಯಿತು. 1960ರ ದಶಕದಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಜಾಗ ಹಂಚಿತು. ಆಕುರ್ಡಿಗೆ ಬಜಾಜ್, ಪಿಂಪ್ರಿಗೆ ಟೆಲ್ಕೊ, ಭೋಸರಿಗೆ ನೂರಾರು ಸಣ್ಣ ಶೆಡ್ಡುಗಳು ಬಂದವು. 1982ರಲ್ಲಿ ಇವೆಲ್ಲ ಸೇರಿ ಮಹಾನಗರಪಾಲಿಕೆಯೇ ಆಯಿತು. ವಿಜಾಪುರ, ಕಲಬುರ್ಗಿ, ಬೆಳಗಾವಿ, ಧಾರವಾಡದ ಮಂದಿ ಗಾಡಿ ಹತ್ತಿ ಬಂದರು. ಕೆಲವರು ಮೆಷಿನ್ ಮುಂದೆ ನಿಂತರು, ಕೆಲವರು ಆ ಮೆಷಿನ್ ಕೂರಿಸುವ ಕಟ್ಟಡಕ್ಕೆ ಕಲ್ಲುಮಣ್ಣು ಹೊತ್ತರು.

ಅಪ್ಪ ಬಂದಾಗ ಪ್ಲೇಟಿದ್ದವು, ಯಂತ್ರ ಇರಲಿಲ್ಲ. ಹದಿನಾರು ವರ್ಷ ಪ್ಲೇಟುಗಳು ಟ್ರಂಕಿನಲ್ಲೇ ಇದ್ದವು. 1974ರ ದೀಪಾವಳಿ ಬೋನಸಿನಲ್ಲಿ ಈ ಪ್ಲೇಯರ್ ಬಂತು. ಅಷ್ಟರಲ್ಲಿ ಕಂಪನಿಯವರು 78ರ ಪ್ಲೇಟು ಒತ್ತುವುದನ್ನೇ ಬಿಟ್ಟಾಗಿತ್ತು. ಅಪ್ಪ ಅಂಗಡಿಯಲ್ಲಿ ಕೇಳಿದ ಒಂದೇ ಪ್ರಶ್ನೆ, "78 ತಿರುಗ್ತದೇನು?" ತಿರುಗುತ್ತಿತ್ತು. ಆಮೇಲೆ ನಿಧಾನವಾಗಿ ಎಲ್‌ಪಿಗಳೂ ಸೇರಿಕೊಂಡವು, ಭೀಮಸೇನರವು, ಮಲ್ಲಿಕಾರ್ಜುನ ಮನ್ಸೂರರವು.

ಎರಡು ಬಗೆಯ ಪ್ಲೇಟಿಗೂ ಮುಳ್ಳು ಬೇರೆ. 78ರ ಗೆರೆ ಅಗಲ, ಅದಕ್ಕೆ ಎಲ್‌ಪಿ ಮುಳ್ಳಿನ ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಇಂಥ ಪ್ಲೇಯರುಗಳಲ್ಲಿ ಒಂದೇ ತಲೆಯ ಎರಡು ಕಡೆ ಎರಡು ಮುಳ್ಳು. ಸಣ್ಣ ಹಿಡಿಕೆ ತಿರುವಿದರೆ ಬದಲಾಗುತ್ತದೆ. ಎಲ್‌ಪಿ ಮುಳ್ಳನ್ನು 78ಕ್ಕೆ ಹಾಕಿದರೆ ಅದು ಗೆರೆಯ ತಳದಲ್ಲಿ ತೆವಳುತ್ತದೆ, ಬರೀ ಕರಕರ. 78ರ ಮುಳ್ಳನ್ನು ಎಲ್‌ಪಿಗೆ ಹಾಕಿದರೆ ಎಲ್‌ಪಿಯೇ ಹಾಳು. ಹಾಗಾಗಿ ಯಾರೇ ಪ್ಲೇಟು ಹಾಕಲು ಹೋದರೂ ಒಳಕೋಣೆಯಿಂದ ಅಪ್ಪನ ದನಿ ಬರುತ್ತಿತ್ತು, "ಮುಳ್ಳು ತಿರುವಿದಿಯೇನೋ?"

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದು ಪ್ಲೇಟು ಮೂಲೆ ಸೇರಿತು. ಆಮೇಲೆ ಸಿ.ಡಿ., ಆಮೇಲೆ ಫೋನು. ನಮ್ಮನೆಯಲ್ಲಿ ಮಾತ್ರ ಅಪ್ಪ ಇರುವತನಕ ಭಾನುವಾರ ಬೆಳಿಗ್ಗೆ ಪ್ಲೇಟು ನಿಲ್ಲಲಿಲ್ಲ.

ಅದಿರಲಿ, ರಿಪೇರಿಗೆ ಬರುತ್ತೇನೆ. ತಾಪಕೀರ್ ಗಲ್ಲಿಯಿಂದ ಬಂದ ರಾತ್ರಿ ನಾನೇ ಸ್ಕ್ರೂ ಬಿಚ್ಚಿ ಕೂತೆ. ಒಳಗಿನ ಸಂಸಾರ ಬಲು ಸರಳ. ಮೋಟಾರಿನ ತುದಿಗೆ ಮೆಟ್ಟಿಲು ಮೆಟ್ಟಿಲಾಗಿ ಕಡೆದ ಹಿತ್ತಾಳೆಯ ಪುಟ್ಟ ಕಡ್ಡಿ, ಒಂದೊಂದು ವೇಗಕ್ಕೆ ಒಂದೊಂದು ಮೆಟ್ಟಿಲು. ಅದಕ್ಕೂ ತಟ್ಟೆಯ ಒಳ ಅಂಚಿಗೂ ನಡುವೆ ಒಂದು ರಬ್ಬರ್ ಗಾಲಿ. ಕಡ್ಡಿ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ತಟ್ಟೆಯನ್ನು ತಿರುಗಿಸುತ್ತದೆ, ಅಷ್ಟೇ. ಐವತ್ತು ವರ್ಷಕ್ಕೆ ಆ ರಬ್ಬರು ಎಮ್ಮೆ ಕೊಂಬಿನಷ್ಟು ಗಟ್ಟಿಯಾಗಿತ್ತು. ಕಡ್ಡಿ ಒತ್ತಿಕೊಂಡೇ ನಿಂತು ಒಂದು ಕಡೆ ತಗ್ಗು ಬಿದ್ದಿತ್ತು. ಹಿಡಿತ ತಪ್ಪಿ ಜಾರುತ್ತಿತ್ತು, ಅದಕ್ಕೇ ನಿಧಾನ. ತಗ್ಗು ಬಂದಾಗೆಲ್ಲ ಎಗರುತ್ತಿತ್ತು, ಅದಕ್ಕೇ ಕುಂಟು. ಮೋಟಾರಿನ ಎಣ್ಣೆ ಒಣಗಿ ಅಂಟಾಗಿತ್ತು. ಮೋಟಾರಿಗೆ, ವೈರಿಗೆ ಏನೂ ಆಗಿರಲಿಲ್ಲ.

ಅಂದರೆ ಇಡೀ ಯಂತ್ರದ ಹಣೆಬರಹ ಒಂದು ರಬ್ಬರ್ ಗಾಲಿಯ ಮೇಲೆ ನಿಂತಿತ್ತು. ಅದು ಮಾರುಕಟ್ಟೆಯಲ್ಲಿಲ್ಲ. ಬುಧವಾರ, ಭಾನುವಾರ ನಡೆಯುವ ಪುಣೆಯ ಜೂನಾ ಬಜಾರಿನಲ್ಲಿ ಎರಡು ಸಲ ಅಲೆದೆ. ಸಿಕ್ಕಿದ ಹಳೇ ಪ್ಲೇಯರಿನ ಗಾಲಿಯೂ ಇದೇ ವಯಸ್ಸಿನದು, ಇದೇ ಕೊಂಬು. ಆಗ ಹೊಳೆಯಿತು, ನಾನಿರುವುದು ಎಂಥ ಊರಿನಲ್ಲಿ! ಭೋಸರಿಯಲ್ಲಿ ಛಾಪಖಾನೆಯ, ಪ್ಯಾಕಿಂಗ್ ಯಂತ್ರಗಳ ರೋಲರುಗಳಿಗೆ ಹೊಸ ರಬ್ಬರು ಕಟ್ಟಿಕೊಡುವ ಶೆಡ್ಡುಗಳಿವೆ. ಕೆಲಸದಲ್ಲಿದ್ದಾಗ ಎಷ್ಟೋ ಸಲ ಹೋಗಿದ್ದೆ. ಗಾಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಆಳೆತ್ತರದ ರೋಲರುಗಳ ನಡುವೆ ಮೇಜಿನ ಮೇಲೆ ಈ ರೂಪಾಯಿ ಬಿಲ್ಲೆಯಂಥದ್ದನ್ನು ಇಟ್ಟಾಗ ಮೇಸ್ತ್ರಿ ನಕ್ಕ. ಅವನು ಸೊಲ್ಲಾಪುರದವನು, ಕನ್ನಡ ಬರುತ್ತಿತ್ತು. "ಎಷ್ಟು ಮೆತ್ತಗಿರಬೇಕ್ರೀ?" ಅಂತ ಕೇಳಿದ. ಹೆಬ್ಬೆರಳಿಂದ ಒತ್ತಿದರೆ ತುಸು ತಗ್ಗಬೇಕು, ಬಿಟ್ಟರೆ ಮೇಲೆದ್ದುಬಿಡಬೇಕು ಎಂದೆ. "ಸೈಜು?" ಅಂದ.

ಅಲ್ಲೊಂದು ಸ್ವಾರಸ್ಯ. ಈ ಗಾಲಿಯ ಸೈಜು ತುಸು ಹೆಚ್ಚುಕಡಿಮೆಯಾದರೂ ತಟ್ಟೆಯ ವೇಗ ಬದಲಾಗುವುದಿಲ್ಲ. ವೇಗ ನಿರ್ಧಾರವಾಗುವುದು ಹಿತ್ತಾಳೆ ಕಡ್ಡಿಯ ಅಳತೆ ಮತ್ತು ತಟ್ಟೆಯ ಅಂಚಿನ ಅಳತೆಯಿಂದ. ನಡುವಿನ ಗಾಲಿ ಇದ್ದದ್ದನ್ನು ಹಾಗೆಯೇ ಮುಟ್ಟಿಸುತ್ತದೆ. ಅದು ಗುಂಡಗಿರಬೇಕು, ಹಿಡಿತ ಇರಬೇಕು, ಅಷ್ಟೇ. ಮೇಸ್ತ್ರಿಗೆ ಅದನ್ನೇ ಹೇಳಿದೆ. ಹಳೇ ರಬ್ಬರು ಕೆತ್ತಿ, ಹೊಸದು ಕಟ್ಟಿ, ಅದರದೇ ಅಚ್ಚಿನ ಮೇಲೆ ತಿರುಗಿಸಿ ಉಜ್ಜಿ ಗುಂಡಗೆ ಮಾಡಿ ನಾಲ್ಕು ದಿನಕ್ಕೆ ಕೊಟ್ಟ. ದುಡ್ಡು ಕೇಳಿದರೆ, "ಇದಕ್ಕೇನು ಬಿಲ್ ಮಾಡ್ಲಿರೀ, ಚಾ ಕುಡಸ್ರಿ" ಅಂದ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಮೊದಲ ಪ್ಲೇಟು ಹಾಕಿದೆ. ಅವ್ವನಿಗೆ ಇಷ್ಟವಾದದ್ದು. ಲೇಬಲ್ಲಿನ ಮೇಲೆ ಗಾಂಧಾರಿ ಎಂದಿದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಪ್ಲೇಟುಗಳು ಬರುತ್ತಿದ್ದುದು ಈ ಹೆಸರಿನಲ್ಲಿ. ಕುಂಟು ಹೋಗಿತ್ತು, ಗುಂಯ್ ಹೋಗಿತ್ತು. ನನಗೆ ಹಿಗ್ಗೋ ಹಿಗ್ಗು. ಅರ್ಧ ನಿಮಿಷ ಆಗಿರಬೇಕು, ಅವ್ವ ಕೈ ಎತ್ತಿದಳು.

"ಇದು ಗಂಗೂಬಾಯಿ ಅಲ್ಲೋ ತಮ್ಮಾ. ಯಾವದೋ ಹುಡುಗಿ ಹಾಡ್ಲಿಕತ್ತಾಳ. ನೀ ಏನೋ ಕೆಡಿಸೀದಿ."

ಅದೇ ಪ್ಲೇಟು ಅವ್ವಾ ಅಂದೆ. ಲೇಬಲ್ಲು ತೋರಿಸಿದೆ. "ಪ್ಲೇಟು ಅದೇ ಇರಬಹುದು. ಭಾಳ ಜೋರ ತಿರಗ್ಲಿಕತ್ತದ. ನಿಮ್ಮಪ್ಪ ಇದ್ದಾಗ ಹಿಂಗ ಇರಲಿಲ್ಲ. ಮೊದಲಿನಂಗ ಮಾಡಿಸಿಕೊಂಡ ಬಾ" ಅಂದು ಎದ್ದು ಒಳಗೆ ಹೋದಳು. ಮಗಳು ನನ್ನ ಮುಖ ನೋಡಿದಳು. ನಿಜ ಹೇಳಬೇಕೆಂದರೆ ನನಗೂ ಅನುಮಾನ ಬಂತು. ದನಿ ತೆಳ್ಳಗೆ, ಎಳೆಯದಾಗಿ, ಮೇಲಿತ್ತು. ನಾವೆಲ್ಲ ಬಲ್ಲ ಆ ಗಂಡುಗಂಭೀರ ಕಂಠ ಎಲ್ಲಿ, ಇದೆಲ್ಲಿ?

ಆಗ ಬೇಕಾಯಿತು ಆ 77.92. ವೇಗ ಪರೀಕ್ಷಿಸಲು ಒಂದು ಹಳೇ ಉಪಾಯವಿದೆ. ದುಂಡನೆಯ ಕಾಗದದ ಅಂಚಿಗೆ ಸರಿಯಾದ ಅಂತರದಲ್ಲಿ 77 ಕಪ್ಪು ಗೆರೆ ಬರೆದು, ತಟ್ಟೆಯ ಮೇಲಿಟ್ಟು ತಿರುಗಿಸಬೇಕು. ನಮ್ಮ ಕರೆಂಟಿನ ದೀಪ ಸೆಕೆಂಡಿಗೆ 100 ಸಲ, ಅಂದರೆ ನಿಮಿಷಕ್ಕೆ 6000 ಸಲ ಮಿನುಗುತ್ತದೆ. 6000ವನ್ನು 77ರಿಂದ ಭಾಗಿಸಿದರೆ 77.92. ತಟ್ಟೆ ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೆ, ಪ್ರತಿ ಮಿನುಗಿಗೂ ಒಂದು ಗೆರೆಯ ಜಾಗಕ್ಕೆ ಇನ್ನೊಂದು ಬಂದು, ಗೆರೆಗಳು ನಿಂತೇ ಇದ್ದ ಹಾಗೆ ಕಾಣುತ್ತವೆ. ಜೋರಾದರೆ ಮುಂದಕ್ಕೆ ತೇಲುತ್ತವೆ, ನಿಧಾನವಾದರೆ ಹಿಂದಕ್ಕೆ. ಮಗಳು ಕಂಪ್ಯೂಟರಿನಲ್ಲಿ ಗೆರೆ ಬರೆದು ಪ್ರಿಂಟು ತೆಗೆದಳು. ತೊಂದರೆಯೆಂದರೆ ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ಹಾಗೆ ಮಿನುಗುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ಅಡುಗೆಮನೆಯ ಹಳೇ ಸ್ವಿಚ್‌ಬೋರ್ಡಿನ ಕೆಂಪು ನಿಯಾನ್ ದೀಪದ ಬುಡಕ್ಕೆ ಪ್ಲೇಯರ್ ಹೊತ್ತೊಯ್ದು, ಉಳಿದ ದೀಪ ಆರಿಸಿ ನೋಡಿದೆವು.

ಗೆರೆಗಳು ನಿಂತಿದ್ದವು. ಒಂದು ಕೂದಲೆಳೆ ಹಿಂದಕ್ಕೆ ಜರುಗುತ್ತಿದ್ದವು ಎನ್ನಬಹುದು, ಮುಂದಕ್ಕಂತೂ ಅಲ್ಲ.

ಯಂತ್ರ ಸರಿಯಿತ್ತು. ಪ್ಲೇಟೂ ಸರಿಯಿತ್ತು, 1930ರ ದಶಕದ ಮುದ್ರಣವೆಂದರೆ 78 ಗಟ್ಟಿಯಾಗಿದ್ದ ಕಾಲ. ಹಾಗಾದರೆ ತಪ್ಪಿದ್ದೆಲ್ಲಿ? ಉತ್ತರ ಗಂಗೂಬಾಯಿಯವರ ಬದುಕಿನಲ್ಲೇ ಇದೆ. ಚಿಕ್ಕಂದಿನಲ್ಲಿ ಅವರದು ಎಲ್ಲ ಹೆಣ್ಣುಮಕ್ಕಳ ಹಾಗೆ ಎತ್ತರದ, ತೆಳು ಕಂಠ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಇಳಿಯಿತು, ದಪ್ಪವಾಯಿತು. ಬೇರೆಯವರಾದರೆ ಹಾಡುವುದನ್ನೇ ಬಿಡುತ್ತಿದ್ದರು. ಅವರು ಇಳಿದ ದನಿಯನ್ನೇ ಸಾಧಿಸಿ, ಕಿರಾನಾ ಗಾಯಕಿಯನ್ನು ಅದರಲ್ಲೇ ಹೊಸದಾಗಿ ಕಟ್ಟಿದರು. ನಾವು ಗಂಗೂಬಾಯಿ ಎಂದು ಬಲ್ಲದ್ದು ಆ ಎರಡನೆಯ ದನಿಯನ್ನು. ಪ್ಲೇಟಿನಲ್ಲಿದ್ದದ್ದು ಮೊದಲನೆಯದು.

ಅವ್ವ ಆ ಎರಡನೆಯ ದನಿಯನ್ನು ಎದುರಿಗೇ ಕೂತು ಕೇಳಿದ್ದಳು. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ, 1953ರಿಂದ ಭೀಮಸೇನರು ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸಿದರಲ್ಲ, ಡಿಸೆಂಬರಿನ ಚಳಿಯಲ್ಲಿ ಅಪ್ಪ ಅವ್ವ ಅಲ್ಲಿಗೆ ಹೋಗುತ್ತಿದ್ದರು. ಆಗೆಲ್ಲ ರಾತ್ರಿಯಿಡೀ ಸಂಗೀತ. ಮಂಟಪದಲ್ಲಿ ಚಾಪೆ, ಮೇಲೆ ಕಂಬಳಿ, ಬುತ್ತಿಯಲ್ಲಿ ರೊಟ್ಟಿ ಚಟ್ನಿ. ಕರ್ನಾಟಕದಿಂದ ಬಂದ ಗಂಗೂಬಾಯಿ, ಮನ್ಸೂರ, ಬಸವರಾಜ ರಾಜಗುರು ಹಾಡುವಾಗ ಸುತ್ತಲಿನ ಮರಾಠಿ ಮಂದಿ ತಲೆದೂಗುವುದನ್ನು ನೋಡಿ ತಾನೇ ಹಾಡಿದಷ್ಟು ಹೆಮ್ಮೆಯಾಗುತ್ತಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ. ಇತ್ತ ಮನೆಯಲ್ಲಿ ಗಾಲಿಯ ರಬ್ಬರು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂತು. ಪ್ಲೇಟು ನಿಧಾನವಾಗುತ್ತ ಬಂತು. 78ರ ಜಾಗದಲ್ಲಿ 73 ಅಂದರೆ ಹಾರ್ಮೋನಿಯಮ್ಮಿನಲ್ಲಿ ಒಂದು ಪಟ್ಟಿಗಿಂತ ತುಸು ಹೆಚ್ಚೇ ಕೆಳಗೆ. ಇಪ್ಪತ್ತರ ಹುಡುಗಿಯ ದನಿ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಇಳಿದಿಳಿದು, ಉತ್ಸವದಲ್ಲಿ ಕೇಳಿದ ಹಿರಿಯಳ ದನಿಯ ಹತ್ತಿರ ಬಂದುಬಿಟ್ಟಿತ್ತು. ಕೆಟ್ಟ ಯಂತ್ರ ಅವ್ವನ ನೆನಪಿಗೆ ಸರಿಹೊಂದಿತ್ತು. ನಾನು ರಿಪೇರಿ ಮಾಡಿ ಅದನ್ನು ಕೆಡಿಸಿದ್ದೆ.

ಎರಡು ದಿನ ಯೋಚಿಸಿದೆ. ಹೊಸ ರಬ್ಬರನ್ನು ತೆಗೆದು ಹಳೇ ಕೊಂಬನ್ನೇ ಹಾಕಿ ಕೊಡಲೇ? ಎಂಬತ್ತೈದರ ಮುದುಕಿಗೆ ಅವಳಿಗೆ ಬೇಕಾದ ದನಿ ಕೇಳಿಸಿದರೆ ನನ್ನದೇನು ಹೋಗುತ್ತದೆ? ಆದರೆ ಮನಸ್ಸು ಒಪ್ಪಲಿಲ್ಲ. ಊರಿನಿಂದ ದೂರ ಬಂದವರ ಹತ್ತಿರ ಊರಿನ ನೆನಪು ಬಿಟ್ಟರೆ ಬೇರೇನಿದೆ ಎನ್ನುತ್ತೇವೆ. ಆ ನೆನಪೂ ಸವೆಯುತ್ತದೆ, ಜಾರುತ್ತದೆ, ನಮಗೆ ಹಿತವಾದ ಶ್ರುತಿಗೆ ತಾನೇ ಇಳಿದುಕೊಳ್ಳುತ್ತದೆ. ಮೀಟರ್‌ಗೇಜ್ ಗಾಡಿಯಲ್ಲಿ ಅಂಗಿಗಳ ನಡುವೆ ಒಡೆಯದೆ ಬಂದ ಈ ಪ್ಲೇಟು ಮಾತ್ರ ಬದಲಾಗಿಲ್ಲ. ಅದಕ್ಕೆ ಅದರ 78 ಸುತ್ತು ಕೊಟ್ಟರೆ, ಆವತ್ತು ಆ ಹುಡುಗಿ ಯಾವ ಶ್ರುತಿಯಲ್ಲಿ ಹಾಡಿದ್ದಳೋ ಅದೇ ಶ್ರುತಿಯಲ್ಲಿ ಹಾಡುತ್ತಾಳೆ.

ಹಾಗಾಗಿ ಯಂತ್ರ ಸರಿಯಾದಂತೆಯೇ ಉಳಿಯಿತು. ಮಗಳ ಮಾತನ್ನೂ ಪೂರ್ತಿ ತಳ್ಳಲಿಲ್ಲ. ಹಳೇ ಯಂತ್ರದ ತೋಳು ಭಾರ. ಅದರ ಮುಳ್ಳು ಪ್ಲೇಟನ್ನು ಒತ್ತುವುದು ಐದಾರು ಗ್ರಾಂ. ಅರಗಿನ ಪ್ಲೇಟು ಅದನ್ನು ತಡೆಯುತ್ತದೆ, ಎಲ್‌ಪಿಯ ಸಣ್ಣ ಗೆರೆ ಸವೆಯುತ್ತದೆ. ಹೊಸ ಯಂತ್ರಗಳದು ಎರಡು ಗ್ರಾಂ ಆಸುಪಾಸು. ಎಲ್‌ಪಿಗಳಿಗೆ ಹೊಸದು ಬಂತು, 78ಕ್ಕೆ ಹಳೇದು ಉಳಿಯಿತು. ಇಂಥ ಪ್ರಶ್ನೆ ಎದುರಾದವರು ಯಂತ್ರದ ವಯಸ್ಸು ನೋಡುವ ಮೊದಲು ಕಪಾಟಿನಲ್ಲಿ ಯಾವ ಪ್ಲೇಟುಗಳಿವೆ ಎಂದು ನೋಡುವುದು ಒಳ್ಳೆಯದು ಎನ್ನುವುದು ನನ್ನ ಅನುಭವ.

ಅವ್ವನಿಗೆ ಗೆರೆಗಳ ಲೆಕ್ಕ ಹೇಳಲು ಹೋಗಲಿಲ್ಲ. ಗಂಟಲಿನ ಚಿಕಿತ್ಸೆಯ ಸಂಗತಿ ಮಾತ್ರ ಹೇಳಿದ್ದೆ. ಆಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂದಿನ ಭಾನುವಾರ ಚಹಾ ಕುಡಿಯುತ್ತ ತಾನಾಗಿ ಕೇಳಿದಳು.

"ಆ ಪ್ಲೇಟಿನ ಕಾಲಕ್ಕ ಅಕಿಗೆ ಎಷ್ಟು ವಯಸ್ಸಿರಬೇಕು?"

"ಇಪ್ಪತ್ತರ ಮ್ಯಾಲೆ ಎರಡೋ ಮೂರೋ."

"ನಾ ಮದಿವ್ಯಾಗಿ ಈ ಪಿಂಪ್ರಿಗೆ ಬಂದಾಗ ನನಗೂ ಅಷ್ಟ ಇತ್ತು." ಬಟ್ಟಲು ಕೆಳಗಿಟ್ಟಳು. "ಹಾಕು, ಕೇಳೋಣು."

ಪ್ಲೇಟು ಒರೆಸಿ ತಟ್ಟೆಯ ಮೇಲಿಟ್ಟೆ. ತೋಳು ಎತ್ತುವಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು.

"ಮುಳ್ಳು ತಿರುವಿದಿಯೇನೋ?"